ಅಟ್ಟದ ಮೇಲಿನ ದಫ್ತರಕ್ಕೆ ಎರಡು ಭಾಷೆ

'ದೇಶ ಸುತ್ತು, ಕೋಶ ಓದು' ಎಂಬ ಗಾದೆಯ ಮೊದಲರ್ಧ ನಮ್ಮ ಗಡಿನಾಡಿನವರಿಗೆ ಬೇಕಾಗಿಯೇ ಇಲ್ಲ. ನಾವು ಕೂತ ಜಾಗ ಬಿಟ್ಟು ಕದಲದಿದ್ದರೂ ರಾಜ್ಯಗಳೇ ನಮ್ಮನ್ನು ಸುತ್ತಿ ಹೋಗಿವೆ. 1940ರಲ್ಲಿ ರಾಯದುರ್ಗದಲ್ಲಿ ಹುಟ್ಟಿದ ಒಬ್ಬ ರೈತನನ್ನೇ ತೆಗೆದುಕೊಳ್ಳಿ. ಹುಟ್ಟಿದಾಗ ಅವನದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. 1956ರಲ್ಲಿ ಅದೇ ಆಂಧ್ರಪ್ರದೇಶವಾಯಿತು. ಹೊಲ ಅದೇ, ಬಾವಿ ಅದೇ, ಎತ್ತಿನ ಹೆಸರೂ ಅದೇ. ಕಚೇರಿಯ ಬೋರ್ಡು ಮಾತ್ರ ಎರಡು ಸಲ ಬದಲಾಯಿತು. ಅಕ್ಕಲಕೋಟ, ಜತ್ತಗಳು 1948ರವರೆಗೆ ಸಂಸ್ಥಾನಗಳು, ಆಮೇಲೆ ಮುಂಬಯಿ ರಾಜ್ಯ, 1960ರಿಂದ ಮಹಾರಾಷ್ಟ್ರ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು, ಆಮೇಲೆ ಕೇರಳ. 1984ರಲ್ಲಿ ತಾನೇ ಒಂದು ಜಿಲ್ಲೆ.

ಹೀಗೆ ದೇಶ ಸುತ್ತುವ ಕೆಲಸ ತಾನಾಗಿ ಮುಗಿದಿದೆ. ಉಳಿದಿರುವುದು ಕೋಶ ಓದುವ ಕೆಲಸ. ಆ ಕೋಶ ಎಲ್ಲಿದೆ ಎಂಬುದೇ ಈ ಲೇಖನದ ವಿಚಾರ.

ಓದಿದ್ದು ಇತಿಹಾಸ, ಹೊಟ್ಟೆಪಾಡಿಗೆ ಹಿಡಿದದ್ದು ಗ್ರಂಥಾಲಯ. ಸೊಲ್ಲಾಪುರ-ಅಕ್ಕಲಕೋಟ ಸೀಮೆಯಲ್ಲಿ ಪುಸ್ತಕದ ಧೂಳು ಕುಡಿದೇ ತಲೆ ಬೆಳ್ಳಗಾಯಿತು. ಗ್ರಂಥಾಲಯದ ದಿನಚರಿ ಅಂಥ ದೊಡ್ಡದೇನಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಇಬ್ಬರು ಮೂವರು ಕೂತಿರುತ್ತಾರೆ. ಒಬ್ಬರಿಗೆ ಮರಾಠಿ ಪತ್ರಿಕೆ, ಇನ್ನೊಬ್ಬರಿಗೆ ಕನ್ನಡದ್ದು; ಅರ್ಧ ಗಂಟೆಗೆ ಇಬ್ಬರೂ ಅದಲು ಬದಲು. ರೈತನ ಕಣ್ಣು ಮೊದಲು ತೊಗರಿ, ಉಳ್ಳಾಗಡ್ಡಿ ಧಾರಣೆಯ ಮೇಲೆ. ವಯಸ್ಸಾದವರ ಕಣ್ಣು ಶ್ರದ್ಧಾಂಜಲಿಯ ಕಾಲಮಿನ ಮೇಲೆ. ಪರೀಕ್ಷೆಗೆ ಕೂತ ಹುಡುಗ ಹುಡುಗಿಯರು ಮೂಲೆಯ ಮೇಜು ಹಿಡಿದರೆ ಸಂಜೆವರೆಗೂ ಬಿಡುವುದಿಲ್ಲ. ಈ ನಡುವೆ ತಿಂಗಳಿಗೊಬ್ಬರಾದರೂ ಒಂದು ಪ್ರಶ್ನೆ ಹಿಡಿದು ಬರುತ್ತಾರೆ: "ಸರ, ನಮ್ಮೂರಿನ ಇತಿಹಾಸ ಯಾವ ಪುಸ್ತಕದಾಗ ಅದರಿ?"

ಇಷ್ಟು ಸರಳ ಪ್ರಶ್ನೆಗೆ ಇಷ್ಟು ಕಷ್ಟದ ಉತ್ತರ ಮತ್ತೊಂದಿಲ್ಲ.

ಒಂದು ಚುಕ್ಕಿಯ ಗಡಿ

ಗ್ರಂಥಾಲಯದವರಿಗೂ ಒಂದು ಗಡಿ ಸಮಸ್ಯೆ ಇದೆ. ಅದು ಕಪಾಟಿನ ಮೇಲಿನದು. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬುವರು ಪುಸ್ತಕಗಳಿಗೆ ಅಂಕಿ ಹಾಕಿ ಜೋಡಿಸುವ ದಶಮಾಂಶ ಪದ್ಧತಿ ತಂದರು. ಇಂದಿಗೂ ಅನೇಕ ಗ್ರಂಥಾಲಯಗಳಲ್ಲಿ ಪುಸ್ತಕದ ಬೆನ್ನಿನ ಮೇಲೆ ಕಾಣುವುದು ಅದೇ ಅಂಕಿ. ಅದರಲ್ಲಿ ತಮಿಳು ಸಾಹಿತ್ಯ 894.811, ಮಲಯಾಳ 894.812, ಕನ್ನಡ 894.814, ತೆಲುಗು 894.827. ಮರಾಠಿ ಬೇರೆ ಭಾಷಾ ಕುಟುಂಬದ್ದಾದ್ದರಿಂದ 891.46. ಕಪಾಟಿನ ಮೇಲೆ ಕನ್ನಡಕ್ಕೂ ಮಲಯಾಳಕ್ಕೂ ನಡುವೆ ಇರುವುದು ಕೊನೆಯ ಒಂದು ಅಂಕಿಯ ಫರಕು ಮಾತ್ರ. ನೆರೆಹೊರೆಯವರು ಹೆಗಲಿಗೆ ಹೆಗಲು ಕೊಟ್ಟು ನಿಂತಿರುವುದು ನೋಡಲಿಕ್ಕೆ ಚೆಂದ.

ತಕರಾರು ಶುರುವಾಗುವುದು ಇತಿಹಾಸದ ಕಪಾಟಿನಲ್ಲಿ. ಅಲ್ಲಿ ಕರ್ನಾಟಕ 954.87, ಕೇರಳ 954.83, ಆಂಧ್ರ 954.84, ತಮಿಳುನಾಡು 954.82. ಕಾಸರಗೋಡಿನ ಬಗ್ಗೆ ಕಾಸರಗೋಡಿನವರೇ ಕನ್ನಡದಲ್ಲಿ ಬರೆದ ಪುಸ್ತಕ ಬಂದರೆ ನಿಯಮದ ಪ್ರಕಾರ ಅದು ಕೇರಳದ ಕಪಾಟಿಗೆ ಹೋಗಬೇಕು. ಆ ಕಪಾಟಿಗೆ ಕೈ ಹಾಕುವವರಲ್ಲಿ ಕನ್ನಡ ಬಲ್ಲವರು ಕಡಿಮೆ. ಕರ್ನಾಟಕದ ಕಪಾಟು ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಡಬ್ಲ್ಯು. ಫ್ರಾನ್ಸಿಸ್ ಅವರ 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿ ಆದೋನಿಯೂ ಇದೆ, ರಾಯದುರ್ಗವೂ ಇದೆ. ಇಂದು ಆ ಪುಸ್ತಕ ಬಳ್ಳಾರಿಯ ಹೆಸರಿನಿಂದ ಕರ್ನಾಟಕದ ಸಾಲಿನಲ್ಲಿ ಕೂತಿದೆ. ಆದೋನಿಯ ಹುಡುಗ ಆಂಧ್ರದ ಸಾಲಿನಲ್ಲಿ ಹುಡುಕಿ ಹುಡುಕಿ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಕಡೆಗಾಲವನ್ನು ಕಳೆದದ್ದು ಬೆಂಗಳೂರಿನಲ್ಲಿ. ತೀರಿಕೊಂಡದ್ದೂ ಅಲ್ಲೇ, 1972ರಲ್ಲಿ. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಯಾವ ಪುಸ್ತಕವೂ ಓದುಗನಿಲ್ಲದೆ ಹುಟ್ಟಿದ್ದಲ್ಲ, ಆ ಓದುಗನನ್ನು ಹುಡುಕಿ ಪುಸ್ತಕಕ್ಕೆ ಜೋಡಿಸುವುದೇ ನಮ್ಮ ಕೆಲಸ ಎಂಬುದು ಅವುಗಳಲ್ಲೊಂದರ ತಿರುಳು. ಗಡಿನಾಡಿನಲ್ಲಿ ಈ ಕೆಲಸ ದುಪ್ಪಟ್ಟು. ಒಂದೇ ಪುಸ್ತಕಕ್ಕೆ ಎರಡು ಕಪಾಟಿನಲ್ಲಿ ಚೀಟಿ ಇಟ್ಟರೆ ಅರ್ಧ ತಾಪತ್ರಯ ಮುಗಿಯಿತು. ಆದರೆ ಇನ್ನರ್ಧ?

ದಾಖಲೆ ಯಾವ ಊರಿನಲ್ಲಿ?

ಇನ್ನರ್ಧವೆಂದರೆ ಪುಸ್ತಕವಾಗದೆ ಉಳಿದ ಕಾಗದಪತ್ರಗಳು. ನಿಮ್ಮ ಊರಿನ ಇನ್ನೂರು ವರ್ಷದ ಸರ್ಕಾರಿ ದಾಖಲೆ ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? ಕಾಸರಗೋಡು, ಆದೋನಿ, ರಾಯದುರ್ಗ, ಮಡಕಶಿರಾ, ಹೊಸೂರು, ತಾಳವಾಡಿ, ನೀಲಗಿರಿ - ಇವೆಲ್ಲವೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆ ಪ್ರಾಂತ್ಯದ ಹಳೆಯ ಕಡತಗಳ ದೊಡ್ಡ ಭಂಡಾರ ಇರುವುದು ಚೆನ್ನೈನ ಎಗ್ಮೋರಿನಲ್ಲಿ. ಸೊಲ್ಲಾಪುರದ್ದಕ್ಕೆ ಮುಂಬಯಿ, ಪುಣೆ. ಪುಣೆಯ ಪೇಶ್ವೆ ದಫ್ತರದಲ್ಲಿ ಮೋಡಿ ಲಿಪಿಯ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಆ ಗಂಟುಗಳಿಗೆ 'ರುಮಾಲು' ಎಂದೇ ಹೆಸರು. ನಿಜಾಮರ ಸೀಮೆಯದ್ದಕ್ಕೆ ಹೈದರಾಬಾದು, ಅದೂ ಪಾರ್ಸಿ-ಉರ್ದುವಿನಲ್ಲಿ. ಗೋವೆಯದು ಪಣಜಿಯಲ್ಲಿ, ಪೋರ್ಚುಗೀಸಿನಲ್ಲಿ.

ಅಂದರೆ ಕನ್ನಡ ಮಾತಾಡುವ ಒಂದು ಜನದ ಚರಿತ್ರೆ ಐದಾರು ಊರುಗಳಲ್ಲಿ, ಐದಾರು ಭಾಷೆಗಳಲ್ಲಿ ಚೆಲ್ಲಿಹೋಗಿದೆ. ಬೆಂಗಳೂರಿನವರು 'ಅದು ನಮ್ಮ ವ್ಯಾಪ್ತಿಯಲ್ಲ' ಅಂತಾರೆ. ಅತ್ತಲಿನವರಿಗೆ ಅದು ಮೂಲೆಯ ತಾಲ್ಲೂಕು, ಯಾರೋ ಬೇರೆ ಭಾಷೆಯವರದು. ಯಾರನ್ನೂ ದೂರಿ ಫಲವಿಲ್ಲ. ಗಡಿ ಎಳೆದವರು ಹೊಲ ಎಣಿಸಿದರು, ತಲೆ ಎಣಿಸಿದರು. ನೆನಪನ್ನು ಎಣಿಸುವ ಪದ್ಧತಿ ಅವರಲ್ಲಿ ಇರಲಿಲ್ಲ.

ಹಾಗಾದರೆ ಊರಿನ ಚರಿತ್ರೆ ಕಳೆದೇ ಹೋಯಿತೇ? ಇಲ್ಲ. ಅದರ ಒಂದು ಪ್ರತಿ ನಿಮ್ಮ ಮನೆಯ ಅಟ್ಟದ ಮೇಲಿದೆ. ಕೆಂಪು ಬಟ್ಟೆಯ ದಫ್ತರದಲ್ಲಿ, ತುಕ್ಕು ಹಿಡಿದ ಟ್ರಂಕಿನಲ್ಲಿ, ಕಾಸರಗೋಡಿನ ಕಡೆಯಾದರೆ ಅಡಿಕೆ ಚೀಲಗಳ ಹಿಂದಿನ ಮರದ ಪೆಟ್ಟಿಗೆಯಲ್ಲಿ. ಕೀರ್ದಿ, ಖತಾವಣಿ, ಖರೀದಿ ಪತ್ರ, ಭೋಗ್ಯ ಪತ್ರ, ಗೇಣಿ ಚೀಟು, ವಾಟ್ನಿ ಪತ್ರ, ಹುಂಡಿ, ಮದುವೆಯ ಮುಯ್ಯಿ ಬರೆದ ಚೋಪಡಿ, ಜಾತ್ರೆಯ ವಂತಿಗೆ ಪಟ್ಟಿ - ಇವೇ ಗಡಿನಾಡಿನ ಕೋಶ.

ಕೈರೋದ ಒಂದು ಕೋಣೆ

'ಅಂಗಡಿ ಲೆಕ್ಕದಾಗ ಎಂಥಾ ಇತಿಹಾಸರೀ?' ಎಂದು ಕೇಳಬಹುದು. ಅದಕ್ಕೊಂದು ದೂರದ ದೇಶದ ಕಥೆ ಹೇಳಬೇಕು. ಕಥೆ ದೂರದ್ದಾದರೂ ಅದರಲ್ಲಿ ನಮ್ಮ ಮಂಗಳೂರಿದೆ.

ಈಜಿಪ್ಟಿನ ಕೈರೋದ ಹಳೆಯ ಭಾಗದಲ್ಲಿ ಯಹೂದಿಗಳ ಒಂದು ಪ್ರಾರ್ಥನಾ ಮಂದಿರವಿದೆ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದು ಎಂಬುದು ಅವರ ರೂಢಿ. ಹೀಗಾಗಿ ಬೇಡದ ಕಾಗದವನ್ನೆಲ್ಲ ಒಂದು ಕೋಣೆಗೆ ಹಾಕುತ್ತ ಬಂದರು. ಪ್ರಾರ್ಥನೆಯ ಹಾಳೆಗಳ ಜೊತೆಗೆ ವ್ಯಾಪಾರಿಗಳ ಓಲೆ, ಲೆಕ್ಕ, ಚೀಟಿ ಎಲ್ಲವೂ ಅಲ್ಲಿ ಸೇರಿತು. ನೂರಾರು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸರು 1896-97ರಲ್ಲಿ ಅದರಲ್ಲಿನ ಲಕ್ಷಕ್ಕೂ ಮಿಕ್ಕಿದ ತುಣುಕುಗಳನ್ನು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಸಾಗಿಸಿದರು.

ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳು ಸಿಕ್ಕವು. ಹನ್ನೆರಡನೇ ಶತಮಾನದಲ್ಲಿ, ಅಂದರೆ ಇತ್ತ ಕಲ್ಯಾಣದಲ್ಲಿ ಬಸವಣ್ಣನವರು ಬಾಳಿದ ಶತಮಾನದಲ್ಲೇ, ಈತ ಮಂಗಳೂರಿಗೆ ಬಂದು ಅನೇಕ ವರ್ಷ ನೆಲೆಸಿದ್ದ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅವನ ಕೈಕೆಳಗೆ ಇಲ್ಲಿನ ಒಬ್ಬ ಸೇವಕನಿದ್ದ. ಪತ್ರಗಳಲ್ಲಿ ಅವನ ಹೆಸರೂ ಇದೆ. ಎಸ್.ಡಿ. ಗೊಯ್‌ಟೈನ್ ಎಂಬ ಪಂಡಿತರು ಈ ವ್ಯಾಪಾರಿ ಕಾಗದಗಳನ್ನು ಓದುವುದರಲ್ಲೇ ಬಾಳು ಸವೆಸಿದರು. ಅಮಿತಾವ್ ಘೋಷ್ ಆ ಸೇವಕನ ಜಾಡು ಹಿಡಿದು ಮಂಗಳೂರಿಗೂ ಬಂದು, 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಸೇವಕನ ಹೆಸರು 'ಬೊಮ್ಮ' ಇರಬೇಕೆಂದು ಅವರ ತೀರ್ಮಾನ.

ವಿಚಾರ ಮಾಡಿ. ಯಾವ ರಾಜನ ಶಾಸನದಲ್ಲೂ ಇಲ್ಲದ ಒಬ್ಬ ಆಳಿನ ಹೆಸರು ಎಂಟುನೂರು ವರ್ಷ ಉಳಿದದ್ದು ವ್ಯಾಪಾರಿಯ ಲೆಕ್ಕಪತ್ರದಿಂದ. ಆ ಕಾಗದ ಉಳಿದದ್ದು ಅದು ಬೆಲೆಬಾಳುತ್ತದೆ ಎಂದಲ್ಲ. ಯಾರೂ ಅದನ್ನು ರದ್ದಿಗೆ ಹಾಕಲಿಲ್ಲ ಎಂದಷ್ಟೇ.

ಮನೆಯಿಂದ ಬಂದ ಓಲೆಗಳು

ನಮ್ಮಲ್ಲೂ ಉದಾಹರಣೆಗಳಿಗೆ ಬರವಿಲ್ಲ. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಕಟ್ಟು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಕೇಳಿ ಗೊತ್ತಿದ್ದ, ಗ್ರಂಥ ಮಾತ್ರ ಸಿಗದಿದ್ದ ಪುಸ್ತಕ ಅದು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದ ಮೇಲೆ ಭಾರತದ ಪ್ರಾಚೀನ ಇತಿಹಾಸವನ್ನೇ ಹೊಸದಾಗಿ ಬರೆಯಬೇಕಾಯಿತು. ಆ ಪಂಡಿತರು ಕಟ್ಟನ್ನು ತರದೆ ಹೊಳೆಗೆ ಬಿಟ್ಟಿದ್ದರೆ?

ವಿಜಾಪುರದ ಫ.ಗು. ಹಳಕಟ್ಟಿಯವರ ಕಥೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ವೃತ್ತಿಯಿಂದ ವಕೀಲರು. ಮನೆಮನೆ ಅಲೆದು ವಚನದ ತಾಡವೋಲೆ ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. 1925ರಲ್ಲಿ ಸ್ವಂತ ಮುದ್ರಣಾಲಯ ಹಾಕಿದರು, ಮರುವರ್ಷ 'ಶಿವಾನುಭವ' ಪತ್ರಿಕೆ ತೆಗೆದರು. ಇವತ್ತು ವಚನ ಎಂದರೆ ಜಗತ್ತಿಗೆ ಗೊತ್ತು. ಅವು ಆಗ ಇದ್ದದ್ದು ಮಾತ್ರ ಜಗುಲಿಯ ಮೇಲೆ, ಪೂಜೆಯ ಗಂಟಿನಲ್ಲಿ, ಕೆಲವು ಕಡೆ ಗೆದ್ದಲಿನ ಬಾಯಲ್ಲಿ. ಹಳಕಟ್ಟಿಯವರು ಹತ್ತು ವರ್ಷ ತಡಮಾಡಿದ್ದರೆ ಎಷ್ಟು ಓಲೆ ಮಣ್ಣಾಗುತ್ತಿತ್ತೋ ಯಾರು ಬಲ್ಲರು?

ಇನ್ನೊಂದು ಉದಾಹರಣೆ ನಿಮ್ಮ ಊರಿನ ಶಾನುಭೋಗರದೇ. ಭಾರತದ ಮೊದಲ ಸರ್ವೇಯರ್ ಜನರಲ್ ಆದ ಕರ್ನಲ್ ಕಾಲಿನ್ ಮೆಕೆಂಜಿ ದಕ್ಷಿಣದ ಹಳ್ಳಿಗಳಿಗೆ ತನ್ನ ಪಂಡಿತರನ್ನು ಕಳಿಸಿ, ಕರಣಿಕ-ಶಾನುಭೋಗರಿಂದ ಊರಿನ ಹಿಂದಿನ ವೃತ್ತಾಂತ ಬರೆಸಿಕೊಂಡ. ಅವಕ್ಕೆ 'ಕೈಫಿಯತ್ತು' ಅಂತ ಹೆಸರು. ಆತ 1821ರಲ್ಲಿ ತೀರಿಕೊಂಡ, ಕೈಫಿಯತ್ತುಗಳು ಉಳಿದವು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಊರಿನ ಲೆಕ್ಕದವನು ಬರೆದದ್ದೇ ಊರಿನ ಚರಿತ್ರೆಗೆ ಆಧಾರವಾಯಿತು.

ಲೆಕ್ಕದೊಳಗೆ ಏನಿದೆ?

ಲೆಕ್ಕದ ಪುಸ್ತಕ ಬರಿಯ ಕೊಡು-ಕೊಳ್ಳುವ ಮಾತಲ್ಲ. ಯಾವ ವರ್ಷ ಜೋಳದ ಧಾರಣೆ ಎಷ್ಟಕ್ಕೆ ಏರಿತು, ಯಾವ ತಿಂಗಳು ಸಾಲ ಕೇಳುವವರು ಹೆಚ್ಚಾದರು, ಯಾವಾಗ ಪೇಟೆ ಬಾಗಿಲು ಹಾಕಿತು, ಎಲ್ಲ ಅದರಲ್ಲಿ ಬರೆಯದೆಯೇ ಬರೆದಿರುತ್ತದೆ. 1876-77ರ ಧಾತು, ಮರುವರ್ಷದ ಈಶ್ವರ - ಈ ಎರಡು ಸಂವತ್ಸರಗಳ ಬರ ಬಳ್ಳಾರಿ, ವಿಜಾಪುರ, ಸೊಲ್ಲಾಪುರ ಸೀಮೆಗಳನ್ನು ಹಿಂಡಿಹಾಕಿತು. ಸರ್ಕಾರದ ವರದಿಗಳಲ್ಲಿ ಜಿಲ್ಲೆಯ ಲೆಕ್ಕ ಸಿಗುತ್ತದೆ. ಒಂದು ಓಣಿಯ ಲೆಕ್ಕ ಸಿಗಬೇಕಾದರೆ ಆ ಓಣಿಯ ಅಂಗಡಿಯ ಕೀರ್ದಿಯೇ ಬೇಕು.

ಇದರಲ್ಲಿ ಗಡಿನಾಡಿನ ಒಂದು ವಿಶೇಷವೂ ಇದೆ. ಒಂದೇ ಪುಟದಲ್ಲಿ ಎರಡು ಭಾಷೆ. ಲೆಕ್ಕ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ. ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿ ಕನ್ನಡದಲ್ಲಿ. ಆದೋನಿ ಕಡೆ ಕನ್ನಡ-ತೆಲುಗು, ಹೊಸೂರಿನಲ್ಲಿ ಕನ್ನಡ-ತೆಲುಗು-ತಮಿಳು, ಕಾಸರಗೋಡಿನಲ್ಲಿ ಕನ್ನಡ-ಮಲಯಾಳ, ಆಡುವುದು ತುಳು. ಒಬ್ಬನೇ ಮನುಷ್ಯ ಎಣಿಕೆಗೆ ಒಂದು ಭಾಷೆ, ಬೈಗುಳಕ್ಕೆ ಇನ್ನೊಂದು ಭಾಷೆ ಇಟ್ಟುಕೊಂಡಿದ್ದ ಎಂಬುದು ಭಾಷಾಶಾಸ್ತ್ರದ ಪುಸ್ತಕದಲ್ಲಿ ಸಿಗುವುದಿಲ್ಲ. ನಿಮ್ಮ ಮುತ್ತಜ್ಜನ ಖತಾವಣಿಯಲ್ಲಿ ಸಿಗುತ್ತದೆ.

ಮೋಡಿ ಓದಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಮೊದಲು ಉದ್ದಕ್ಕೂ ತಲೆಗೆರೆ ಎಳೆದುಕೊಂಡು, ಲೆಕ್ಕಣಿಕೆಯನ್ನು ಆದಷ್ಟು ಎತ್ತದೆ ಅಕ್ಷರಕ್ಕೆ ಅಕ್ಷರ ಹೆಣೆದು ಬರೆಯುವ ಲಿಪಿ ಅದು. ಒಂದು ಕಾಲಕ್ಕೆ ಮುಂಬಯಿ ಕರ್ನಾಟಕದ ಕಚೇರಿ-ಪೇಟೆಗಳಲ್ಲೂ ಅದರದೇ ದರ್ಬಾರು. ಇವತ್ತು ಅದನ್ನು ಓದುವ ಹಿರಿಯರೊಬ್ಬರು ಕಣ್ಣು ಮುಚ್ಚಿದರೆ ಒಂದು ಊರಿನ ಕಾಗದವೆಲ್ಲ ಮೂಕವಾದಂತೆ. ಇದು ಮೋಡಿಯದಷ್ಟೇ ಪಾಡಲ್ಲ. ಮಕ್ಕಳು ಮರಾಠಿಯಲ್ಲೋ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಕಲಿತರೆ ಅಜ್ಜಿಯ ಕನ್ನಡ ಕೈಬರಹವೂ ಅವರಿಗೆ ಚಿತ್ತಾರವೇ.

ಇಸವಿ ಹಚ್ಚುವ ಬಗೆ

ಹಳೆಯ ಕಾಗದ ಕೈಗೆ ಸಿಕ್ಕರೆ ಮೊದಲ ತೊಡಕು ಇಸವಿಯದು. ಇದಕ್ಕೆ ಪಂಡಿತರೇ ಬೇಕೆಂದಿಲ್ಲ, ಕೂಡಿ ಕಳೆಯಲು ಬಂದರೆ ಸಾಕು. ಶಕ ವರ್ಷಕ್ಕೆ 78 ಕೂಡಿಸಿ; ಜನವರಿಯಿಂದ ಯುಗಾದಿಯೊಳಗಿನ ದಿನವಾದರೆ 79. ಫಸಲಿಗೆ 590 ಕೂಡಿಸಿ. ಮದ್ರಾಸ್ ಕಡೆ ಫಸಲಿ ಜುಲೈನಲ್ಲಿ ಶುರುವಾಗುತ್ತಿದ್ದುದರಿಂದ ಜನವರಿ-ಜೂನ್ ನಡುವಿನ ದಿನಕ್ಕೆ 591. ನಿಜಾಮರ ಸೀಮೆಯಲ್ಲಿ ವರ್ಷ ತೊಡಗುವ ತಿಂಗಳು ಬೇರೆ. ಗುಜರಾತಿ, ಮಾರವಾಡಿ ಅಂಗಡಿಯ ವಿಕ್ರಮ ಸಂವತ್ತಾದರೆ 57 ಕಳೆಯಿರಿ. ಅವರ ವರ್ಷ ದೀಪಾವಳಿಗೆ ತೊಡಗುವುದರಿಂದ ಜನವರಿಯ ನಂತರದ ದಿನಕ್ಕೆ 56.

ಬರೀ ಸಂವತ್ಸರದ ಹೆಸರಿದ್ದರೆ ಜಾಗ್ರತೆ ಬೇಕು. 'ವಿಳಂಬಿ' ಎಂದಿದ್ದರೆ ಅದು 1898 ಆಗಬಹುದು, 1958 ಆಗಬಹುದು, 2018ನೂ ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಆಗ ಬೇರೆ ಗುರುತು ನೋಡಬೇಕು. ರೂಪಾಯಿ-ಆಣೆ-ಪೈ ಇದ್ದರೆ ಬಹುಮಟ್ಟಿಗೆ 1957ಕ್ಕಿಂತ ಹಿಂದಿನದು, ಏಕೆಂದರೆ ನಯಾ ಪೈಸೆ ಬಂದದ್ದು ಆ ವರ್ಷದ ಏಪ್ರಿಲ್ 1ರಂದು. ಸೇರು, ಮಣ, ಕಾಸರಗೋಡಿನಲ್ಲಾದರೆ 42 ಸೇರಿನ ಅಕ್ಕಿ ಮುಡಿ - ಇವು ಕಿಲೋ ಬಂದ ಮೇಲೂ ಸ್ವಲ್ಪ ಕಾಲ ನಡೆದವು. ಛಾಪಾ ಕಾಗದದ ಮೇಲೆ ರಾಣಿಯ ತಲೆಯೋ, ರಾಜನ ತಲೆಯೋ, ಅಶೋಕಸ್ತಂಭವೋ ನೋಡಿದರೂ ಕಾಲ ತಿಳಿಯುತ್ತದೆ.

'ಸಾಲ ಆದ್ರೂ ಹೆಸರು ಅದ ಅಲ್ರಿ'

ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಅಡತಿ ಅಂಗಡಿಯ ಮನೆತನದವರು ಮನೆ ಕೆಡವುವ ಮುಂಚೆ ನಾಲ್ಕು ಚೀಲ ಕೀರ್ದಿ ತಂದು ನಮ್ಮಲ್ಲಿ ಇಳಿಸಿದರು. ರದ್ದಿಯವನು ಕಿಲೋಕ್ಕೆ ಇಂತಿಷ್ಟು ಅಂತ ಲೆಕ್ಕ ಹಾಕಿಯೂ ಆಗಿತ್ತು. ಮನೆಯ ಹಿರಿಸೊಸೆ ಮಾತ್ರ "ಮಾವನವ್ರ ಕೈಬರಹ ಮಾರೂದು ಬ್ಯಾಡ" ಅಂದರಂತೆ. ಮೋಡಿ ಬಲ್ಲ ನಿವೃತ್ತ ಗುಮಾಸ್ತರೊಬ್ಬರು ದಿನಾ ಮಧ್ಯಾಹ್ನ ಬಂದು ಓದಿ, ಹೆಸರುಗಳ ಪಟ್ಟಿ ಮಾಡಿಕೊಟ್ಟರು.

ಒಂದು ದಿನ ಹತ್ತಿರದ ಹಳ್ಳಿಯ ಸಣ್ಣ ರೈತನೊಬ್ಬ ಬಂದ. ಅವನ ಮನೆಯಲ್ಲಿ ಅಟ್ಟವೂ ಇಲ್ಲ, ಟ್ರಂಕೂ ಇಲ್ಲ. "ನಮ್ಮ ಮುತ್ಯಾನ ಅಪ್ಪನ ಹೆಸರು ಎಲ್ಲೆರೆ ಸಿಗತದೇನ್ರಿ?" ಅಂತ ಕೇಳಿದ. ಊರು, ಅಡ್ಡಹೆಸರು ಹೇಳಿದ. ಪಟ್ಟಿಯಲ್ಲಿ ಹುಡುಕಿದರೆ ಶಕೆ 1840, ಕಾಳಯುಕ್ತಿ ಸಂವತ್ಸರದ ಕೀರ್ದಿಯಲ್ಲಿ ಸಿಕ್ಕಿತು. ಅದು 1918, ಮಳೆ ಕೈಕೊಟ್ಟ, ಇನ್‌ಫ್ಲುಯೆಂಜಾ ಮನೆಮನೆ ಹೊಕ್ಕ ವರ್ಷ. ಎರಡು ಮಣ ಜೋಳ, ನಾಲ್ಕು ರೂಪಾಯಿ, ಅದಕ್ಕೊಂದು ಎತ್ತು ಒತ್ತೆ. ಕೆಳಗೆ ಊರಿನ ಹೆಸರು, ತಂದೆಯ ಹೆಸರು.

ಬರೆದದ್ದು ಸಾಲ. ಓದಿ ಹೇಳಲು ಗುಮಾಸ್ತರು ಸ್ವಲ್ಪ ಹಿಂದೇಟು ಹಾಕಿದರು. ಆತ ಪುಟವನ್ನು ಬಹಳ ಹೊತ್ತು ನೋಡಿ ಅಂದ: "ಸಾಲ ಆದ್ರೂ ಹೆಸರು ಅದ ಅಲ್ರಿ. ಅವರ ಅಪ್ಪನ ಹೆಸರು ನಮಗ ಯಾರಿಗೂ ಗೊತ್ತೇ ಇರಲಿಲ್ಲ."

ಉಳ್ಳವರ ಹೆಸರು ಶಾಸನದಲ್ಲಿ, ದಾನಪತ್ರದಲ್ಲಿ, ಗೆಜೆಟಿಯರಿನಲ್ಲಿ ಇರುತ್ತದೆ. ಇಲ್ಲದವರ ಹೆಸರು ಉಳಿದಿರುವುದು ಹೆಚ್ಚಾಗಿ ಸಾಲ ಕೊಟ್ಟವನ ಪುಸ್ತಕದಲ್ಲಿ. ಹಾಗಾಗಿ ಅಡತಿಯವರು ತಮ್ಮ ಕೀರ್ದಿಯನ್ನು ರದ್ದಿಗೆ ಹಾಕಿದರೆ ಹೋಗುವುದು ಅವರ ಮನೆತನದ ಚರಿತ್ರೆಯೊಂದೇ ಅಲ್ಲ. ಸುತ್ತಲಿನ ಇಪ್ಪತ್ತು ಹಳ್ಳಿಯ ಬಡವರ ಮುತ್ತಜ್ಜಂದಿರೂ ಅದೇ ತಕ್ಕಡಿಯಲ್ಲಿ ತೂಗಿ ಹೋಗುತ್ತಾರೆ.

ಕಾಗದ ತೋರಿಸಿದರೆ ಹೊಲ ಹೋದೀತೇ?

ಈ ಅಂಜಿಕೆ ಸುಳ್ಳಲ್ಲ. ಸಾತಬಾರಾ, ಪಹಣಿ, ಅಡಂಗಲ್, ಪಟ್ಟಾ, ಆಧಾರ - ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರಿನ ಕಾಗದ ಹಿಡಿದು ಕಚೇರಿ ಕೋರ್ಟು ಅಲೆದವರು ನಾವು. ಹಳೆಯ ಕಾಗದ ಹೊರಗೆ ತೆಗೆದರೆ ದಾಯಾದಿ ಎದ್ದು ಕೂತಾನು ಎಂಬ ಭಯ ಸಹಜ. ಅದಕ್ಕೆ ಇಷ್ಟೇ ಮಾತು: ಹೊಲಮನೆಯ ಹಕ್ಕಿನ ಪತ್ರಗಳನ್ನು ಬೇರೆ ಮಾಡಿ ನಿಮ್ಮಲ್ಲೇ ಭದ್ರವಾಗಿ ಇಟ್ಟುಕೊಳ್ಳಿ. ಅಂಗಡಿ ಲೆಕ್ಕ, ಪತ್ರವ್ಯವಹಾರ, ಪಂಚಾಂಗದ ಅಂಚಿನ ಬರಹ, ಯಕ್ಷಗಾನ ಪ್ರಸಂಗದ ಓಲೆ, ಭಜನೆಯ ವಹಿ - ಇವನ್ನು ತೋರಿಸಿ. ಮೂಲ ಕೊಡಬೇಕೆಂದೂ ಇಲ್ಲ. ಫೋಟೋ ಕೊಟ್ಟರೆ ಸಾಕು.

ಈಗ ಕಿಸೆಯಲ್ಲೇ ಕ್ಯಾಮೆರಾ ಇದೆ. ಹಗಲು ಬೆಳಕಿನಲ್ಲಿ, ನೇರ ಬಿಸಿಲಲ್ಲಲ್ಲ, ಪಡಸಾಲೆಯಲ್ಲಿ ಹಾಸಿ ಪುಟಕ್ಕೊಂದರಂತೆ ಕ್ರಮವಾಗಿ ಚಿತ್ರ ತೆಗೆಯಿರಿ. ಖಾಲಿ ಪುಟ ಅಂತ ಬಿಡಬೇಡಿ. ಮೊದಲ ಚಿತ್ರದಲ್ಲಿ ಒಂದು ಚೀಟಿ ಇಡಿ: ಯಾರ ಮನೆ, ಯಾವ ಊರು, ಎಲ್ಲಿ ಸಿಕ್ಕಿತು. ವಾಟ್ಸಾಪಿನಲ್ಲಿ ಬರಿಯ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಅಕ್ಷರ ಮಸುಕಾಗುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರಿಂದ ಗಟ್ಟಿಯಾಗಿ ಓದಿಸಿ ಧ್ವನಿ ಹಿಡಿದಿಡಿ. ಕಾಗದ ಇನ್ನೂ ನೂರು ವರ್ಷ ಇದ್ದೀತು, ಓದುವವರು ಇರುವುದಿಲ್ಲ.

ಕಾಪಾಡುವುದಕ್ಕೂ ದೊಡ್ಡ ಖರ್ಚಿಲ್ಲ. ಹಳೆಯ ಕೈಕಾಗದ ಗಟ್ಟಿ. ಕಾಡಿಗೆ ಮಸಿಯೂ ಅಷ್ಟು ಬೇಗ ಮಾಸುವುದಿಲ್ಲ. ನಿಜವಾಗಿ ಪುಡಿಯಾಗುವುದು ಅದರ ನಂತರ ಬಂದ ಗಿರಣಿ ಕಾಗದ. ಅದರೊಳಗಿನ ಹುಳಿಯೇ ಅದನ್ನು ತಿನ್ನುತ್ತದೆ, ಹಾಗಾಗಿ ಅದರ ಚಿತ್ರ ಮೊದಲು ತೆಗೆಯಿರಿ. ಗುಂಡುಸೂಜಿ, ಪಿನ್ನು ತೆಗೆದುಬಿಡಿ. ತುಕ್ಕು ಕಾಗದ ತಿನ್ನುತ್ತದೆ. ಸೆಲ್ಲೋಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತದೆ. ಗಂಜಿ ಹೋಗುವಂತೆ ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ. ನೆಲದ ಮೇಲಿಡದೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಒಣಗಿದ ಬೇವಿನೆಲೆ, ಬಜೆಯ ಬೇರು ಹಿರಿಯರು ಕಂಡುಕೊಂಡ ಮದ್ದು, ಹುಳ ದೂರವಿರುತ್ತದೆ. ತಾಳೆಗರಿಯಾದರೆ ನೀವೇ ಎಣ್ಣೆ-ಮಸಿ ಹಚ್ಚಲು ಹೋಗಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ - ಇಂಥ ಕಡೆ ಬಲ್ಲವರಿದ್ದಾರೆ, ಕೇಳಿ.

ಮಲೆನಾಡಿನ ಕಡೆ ಹಿಂದೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಗೆ ಮಾಡಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದೇ 'ಕಡತ'. ಇಂದು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಅನ್ನುತ್ತೇವಲ್ಲ, ಆ ಮಾತು ಬಂದದ್ದು ಅಂಗಡಿಯ, ಮಠದ, ಮನೆಯ ಆ ಕರಿ ಬಟ್ಟೆಯಿಂದ. ದಾಖಲೆ ಎಂಬುದು ಮೊದಲು ಮನೆಯಲ್ಲಿತ್ತು, ಆಮೇಲೆ ಕಚೇರಿಗೆ ಹೋಯಿತು.

ಕಚೇರಿಯ ಕಡತವನ್ನು ಯಾವ ರಾಜ್ಯ ಬೇಕಾದರೂ ಇಟ್ಟುಕೊಳ್ಳಲಿ. ಮನೆಯ ಕಡತಕ್ಕೆ ನಾವೇ ಗ್ರಂಥಪಾಲಕರು. ಬರುವ ದೀಪಾವಳಿ ಪಾಡ್ಯಕ್ಕೆ ಹೊಸ ಕೀರ್ದಿಗೆ ಅರಿಶಿನ ಕುಂಕುಮ ಹಚ್ಚುವ ಮೊದಲು ಏಣಿ ಹಾಕಿ ಹಳೆಯದನ್ನೂ ಒಮ್ಮೆ ಕೆಳಗಿಳಿಸಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮೊದಲ ಪುಟ ಓದಿಸಿ. ಯಾರ ಹೆಸರು ಸಿಕ್ಕೀತೋ, ಆ ಹೆಸರಿಗಾಗಿ ಯಾವ ಹಳ್ಳಿಯಲ್ಲಿ ಯಾರು ಕಾಯುತ್ತಿದ್ದಾರೋ!